ಮೂವತ್ತೆರಡನೆಯ ಹಾಳೆ

ಗಂಟಲು ಕಟ್ಟಿದ್ದು ಒಂದನೇ ತರಗತಿಯ ಟೀಚರಿಗೆ. ಅದರ ಕಹಿ ಔಷಧ ಕುಡಿದದ್ದು ಮಾತ್ರ ಶಾಲೆಯ ಗುಮಾಸ್ತರು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಟೀಚರಿಂದ ಮೆಸೇಜು ಬಂತು: ‘ದನಿ ಪೂರ್ತಿ ಹೋಗಿದೆ. ಇವತ್ತು ಬರಲಾರೆ.’ ಗುಮಾಸ್ತರು ಅದನ್ನು ಓದಿ, ಹಾಜರಿ ಪುಸ್ತಕದಲ್ಲಿ ರಜೆ ಎಂದು ಗುರುತು ಹಾಕಿ, ತೆಪ್ಪಗೆ ಕೂತಿದ್ದರೆ ಇದರಲ್ಲಿ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಆದರೆ ಅವರಿಗೆ ಬಾಯಿ ಇತ್ತು. ಅದು ಹತ್ತೊಂಬತ್ತು ವರ್ಷಗಳಿಂದ ಅವರಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು.

“ಗಂಟಲು ಹೋಗೋಕೆ ಅಲ್ಲೇನಿದೆ ರೀ?” ಎಂದರು ಅವರು, ಸಹಿ ಹಾಕಲು ಬಂದಿದ್ದ ಚಿತ್ರದ ಮೇಷ್ಟ್ರಿಗೆ. “ಮೂವತ್ತೆರಡು ಚಿಳ್ಳೆಪಿಳ್ಳೆಗಳು. ಅ ಆ ಇ ಈ, ಒಂದು ಎರಡು ಮೂರು. ನಾನಾಗಿದ್ರೆ ಒಂದು ಕೈಯಲ್ಲಿ ಫೈಲು ನೋಡ್ತಾ ಇನ್ನೊಂದು ಕೈಯಲ್ಲಿ ಪಾಠ ಮುಗಿಸ್ತಿದ್ದೆ.”

ಚಿತ್ರದ ಮೇಷ್ಟ್ರು ನಗಲಿಲ್ಲ. ಗುಮಾಸ್ತರ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ಗುಮಾಸ್ತರು ತಿರುಗಿದರು. ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ನಿಂತಿದ್ದರು.

“ತುಂಬಾ ಸಂತೋಷ,” ಎಂದರು ಅವರು. “ಫೈಲು ಒಂದು ದಿನ ಮಲಗಿರಲಿ. ನೀವು ಎರಡು ಕೈಯಲ್ಲೂ ಪಾಠ ಮಾಡಿ. ಅಂದ ಹಾಗೆ, ಇವತ್ತು ಶುಕ್ರವಾರ. ಈ ವಾರ ಏನೇನು ಕಲಿಸಿದ್ವಿ ಅಂತ ಪ್ರತಿ ಮಗುವಿನ ಮನೆಗೂ ಒಂದು ಹಾಳೆ ಹೋಗಬೇಕು. ಅದನ್ನೂ ನೀವೇ ಬರೆದುಬಿಡಿ. ಒಂದು ಪುಟ, ಅಷ್ಟೇ.”

ಒಂದು ಪುಟ! ಹತ್ತೊಂಬತ್ತು ವರ್ಷದಲ್ಲಿ ಲಕ್ಷ ಪುಟ ಬರೆದ ಕೈ ಅದು. ಗುಮಾಸ್ತರು ಕೊರಳಪಟ್ಟಿ ಸರಿಮಾಡಿಕೊಂಡು, ಮದುವೆ ಮನೆಗೆ ಹೊರಟ ಬೀಗರಂತೆ ಒಂದನೇ ತರಗತಿಯ ಕಡೆ ನಡೆದರು.

ಒಳಗೆ ಹೋದವರು ಮೊದಲು ಹುಡುಕಿದ್ದು ಕುರ್ಚಿಯನ್ನು. ಅಲ್ಲಿದ್ದ ಕುರ್ಚಿಗಳೆಲ್ಲ ಮೊಣಕಾಲೆತ್ತರದವು. ಒಂದರಲ್ಲಿ ಕೂತರು. ಅದು ಅವರನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ಎದ್ದರೆ ಕುರ್ಚಿಯೂ ಎದ್ದಿತು. ಮೂವತ್ತೆರಡು ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಕೂತಿದ್ದ ಆಯಮ್ಮ ಬಂದು, ಬಾಟಲಿಯ ಬಿರಡೆ ಎಳೆದಂತೆ ಕುರ್ಚಿಯನ್ನು ಎಳೆದು ತೆಗೆದಳು.

“ನಿಂತೇ ಪಾಠ ಮಾಡಿ ಸಾರ್. ಟೀಚರಮ್ಮನೂ ಕೂತಿದ್ದನ್ನ ನಾನು ನೋಡಿಲ್ಲ,” ಎಂದಳು.

ಅಷ್ಟರಲ್ಲಿ ಒಬ್ಬ ಗುಂಡು ಹುಡುಗ ಬಂದು ತನ್ನ ಬೂಟಿನ ಕಾಲನ್ನು ಗುಮಾಸ್ತರ ಮುಂದೆ ಚಾಚಿದ. ದಾರ ಬಿಚ್ಚಿಹೋಗಿತ್ತು. ಗುಮಾಸ್ತರು ಅದನ್ನು ಹಾವು ನೋಡಿದಂತೆ ನೋಡಿದರು. ಅವರು ಜೀವಮಾನವಿಡೀ ದಾರವಿಲ್ಲದ ಚಪ್ಪಲಿ ಹಾಕಿದವರು. ಅದನ್ನು ಸರಳತೆ ಎಂದು ಹೆಂಡತಿಯೂ ನಂಬಿದ್ದಳು. ನಿಜವಾದ ಕಾರಣ ಅವರೊಬ್ಬರಿಗೇ ಗೊತ್ತಿತ್ತು. ಆದರೂ ಕೂತು, ಉಸಿರು ಬಿಗಿಹಿಡಿದು, ಕಟ್ಟಿದರು. ಹುಡುಗ ಗಂಟನ್ನು ನೋಡಿದ.

“ಸಾರ್, ಇದು ಮೂಟೆಗೆ ಕಟ್ಟೋ ಗಂಟು.”

“ಗಟ್ಟಿಯಾಗಿರುತ್ತೆ ಮರಿ.”

“ಮನೆಗೆ ಹೋಗಿ ಹೆಂಗೆ ಬಿಚ್ಚೋದು?”

ಎರಡು ಜಡೆಯ ಒಂದು ಹುಡುಗಿ ಮುಂದೆ ಬಂದು ಅನುಕಂಪದಿಂದ, “ಬಿಡಿ ಸಾರ್, ಮೊದಮೊದಲು ಎಲ್ಲರಿಗೂ ಹಂಗೇ ಆಗುತ್ತೆ. ಮೊದಲು ಒಂದು ಮೊಲದ ಕಿವಿ ಮಾಡಿ, ಆಮೇಲೆ ಇನ್ನೊಂದು,” ಎಂದಳು. ಮುಂದಿನ ಅರ್ಧ ಗಂಟೆ ಇಡೀ ತರಗತಿ ಗುಮಾಸ್ತರಿಗೆ ಮೊಲದ ಕಿವಿ ಕಲಿಸಿತು. ಅವರ ಕೈಯಲ್ಲಿ ಆ ಮೊಲ ಒಂದು ಸಲ ಕತ್ತೆಯಾಯಿತು, ಇನ್ನೊಂದು ಸಲ ಕಿವಿಯನ್ನೇ ಕಳೆದುಕೊಂಡಿತು. ಕೊನೆಗೆ ಆಯಮ್ಮ ಕತ್ತರಿ ತಂದಳು.

ಈಗ ಹಾಳೆಯ ಪ್ರಶ್ನೆ. ಈ ವಾರ ಏನು ಕಲಿಸಿದ್ದಾರೆ ಎಂದು ಟೀಚರಿಗೆ ಮೆಸೇಜು ಕಳಿಸಿದರೆ, ‘ಮಕ್ಕಳನ್ನೇ ಕೇಳಿ, ಅವರಿಗೆ ಎಲ್ಲಾ ಗೊತ್ತು. ನಾನು ಮಾತ್ರೆ ನುಂಗಿ ಮಲಗ್ತಿದೀನಿ’ ಎಂದು ಉತ್ತರ ಬಂತು. ಆಮೇಲೆ ಫೋನೂ ಮಲಗಿತು.

“ಸರಿ ಮಕ್ಕಳೇ,” ಎಂದರು ಗುಮಾಸ್ತರು, ಒಂದು ಹಾಳೆ ತೆಗೆದು. “ಸೋಮವಾರ ಏನು ಕಲಿತ್ರಿ?”

ಮೂವತ್ತೆರಡು ಕೈ ಮೇಲೆದ್ದವು. ಮೂವತ್ತೆರಡು ಬಾಯಿ ಒಟ್ಟಿಗೇ ತೆರೆದವು. ಟೀಚರ ಗಂಟಲು ಎಲ್ಲಿ ಹೋಯಿತೆಂಬುದು ಗುಮಾಸ್ತರಿಗೆ ಆಗ ಅರ್ಥವಾಯಿತು. ಕಿವಿಗೆ ಬಿದ್ದದ್ದನ್ನೆಲ್ಲ ಅವರು ಬಿದ್ದ ಹಾಗೆಯೇ ಗೀಚಿಕೊಂಡರು. ಆಮೇಲೆ ಸರಿಮಾಡಿ ಬರೆದರಾಯಿತು ಎಂಬ ಧೈರ್ಯ. ಹಾಳೆ ತುಂಬಿದಾಗ ಅದು ಹೀಗಿತ್ತು:

‘ಒಂದನೇ ಕ್ಲಾಸು. ಈ ವಾರ ನಾವು ಕಲಿತದ್ದು.

ಸೋಮವಾರ: ಹತ್ತು ಕಡ್ಡಿ ಸೇರಿದರೆ ಒಂದು ಕಟ್ಟು. ಕಟ್ಟು ಬಿಚ್ಚಿದರೂ ಹತ್ತೇ ಇರುತ್ತದೆ. ಗುಂಡನ ಕಟ್ಟಿನಲ್ಲಿ ಒಂಬತ್ತು ಇರುತ್ತದೆ, ಯಾಕೆಂದರೆ ಅವನು ಒಂದನ್ನು ಜಗಿಯುತ್ತಾನೆ.

ಮಂಗಳವಾರ: ಜೀವ ಇರುವುದು, ಜೀವ ಇಲ್ಲದ್ದು. ಗಿಡಕ್ಕೆ ಜೀವ ಇದೆ. ಮೇಜಿಗೆ ಇಲ್ಲ. ಊಟ ಆದಮೇಲೆ ದೊಡ್ಡ ಟೀಚರ್ ಅಲ್ಲಾಡುವುದೇ ಇಲ್ಲ. ಆದರೂ ಜೀವ ಇದೆ, ಯಾಕೆಂದರೆ ಮೂಗಿನಿಂದ ಸದ್ದು ಬರುತ್ತದೆ. ನಾವು ಕಿಟಕಿಯಲ್ಲಿ ನೋಡಿ ಕಲಿತೆವು.

ಬುಧವಾರ: ಗಡಿಯಾರ. ಆಟದ ಪೀರಿಯಡ್ಡು ಶುರುವಾಗುವಾಗ ದೊಡ್ಡ ಮುಳ್ಳು ಹನ್ನೆರಡರಲ್ಲಿ ಇರುತ್ತದೆ. ಆಟದ ಮೇಷ್ಟ್ರು ಬರುವಾಗ ನಾಲ್ಕರಲ್ಲಿ ಇರುತ್ತದೆ.

ಗುರುವಾರ: ಹೊಸ ಹುಡುಗಿ ಅತ್ತಳು. ಅಳುವವರ ಪಕ್ಕ ಕೂತುಕೊಳ್ಳಬೇಕು. ಏನೂ ಮಾತಾಡಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಬಿಸ್ಕತ್ತು ಕೊಡುತ್ತಾರೆ.

ಶುಕ್ರವಾರ: ದೊಡ್ಡವರಿಗೂ ಬೂಟಿನ ದಾರ ಕಟ್ಟಲು ಬರುವುದಿಲ್ಲ. ಬೈಯಬಾರದು. ನಿಧಾನವಾಗಿ ಹೇಳಿಕೊಡಬೇಕು.’

ಓದಿಕೊಂಡಾಗ ಗುಮಾಸ್ತರಿಗೆ ಬೆವರಿತು. ತಕ್ಷಣ ಹಾಳೆ ಮಗುಚಿ ಇನ್ನೊಂದು ಬದಿಯಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಈ ವಾರ ವಿದ್ಯಾರ್ಥಿಗಳಿಗೆ ಸ್ಥಾನಬೆಲೆಯ ಪರಿಕಲ್ಪನೆಯನ್ನು ಮನದಟ್ಟು ಮಾಡಿಸಲಾಯಿತು. ಸಜೀವ ಹಾಗೂ ನಿರ್ಜೀವ ವಸ್ತುಗಳ ವರ್ಗೀಕರಣವನ್ನು ಕೈಗೊಳ್ಳಲಾಯಿತು. ಸಮಯಪಾಲನೆಯ ಮಹತ್ವವನ್ನು ತಿಳಿಯಪಡಿಸಲಾಯಿತು...’ ಹೀಗೆ ಹನ್ನೆರಡು ಸಾಲು. ಓದಿದವರಿಗೆ ಏನೂ ತಿಳಿಯದಂತೆ, ಆದರೆ ಎಲ್ಲವೂ ನಡೆದಿದೆ ಎಂಬ ಭಾವನೆ ಬರುವಂತೆ. ಇಂಥದ್ದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಆಯಮ್ಮನನ್ನು ಮಕ್ಕಳ ಹತ್ತಿರ ಬಿಟ್ಟು ಆಫೀಸಿಗೆ ಓಡಿದರು. ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬರೆದ ಬದಿಯನ್ನು ಕೆಳಗೆ ಮಾಡಿ ಹಾಳೆ ಇಡಬೇಕು. ಇದು ಅವರಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಈ ಹಾಳೆಯ ಎರಡೂ ಬದಿ ಬರೆದಿತ್ತು. ತರಗತಿಯಿಂದ ಆಗಲೇ ಏನೋ ಧಡ್ ಎಂದು ಬಿದ್ದ ಸದ್ದು, ಹಿಂದೆಯೇ ಆಯಮ್ಮನ ಕೂಗು. ಗುಮಾಸ್ತರು ಹಾಳೆ ಇಟ್ಟರು, ಗುಂಡಿ ಒತ್ತಿದರು, ಬಂದ ಕಂತೆಯನ್ನು ಬಾಚಿಕೊಂಡು ಓಡಿದರು.

ಬಿದ್ದದ್ದು ಕಸದ ಬುಟ್ಟಿ. ಅದರೊಳಗೆ ಗುಂಡ ಕೂತಿದ್ದ.

ಗುಂಡನ ಮೇಲೊಂದು ಕಣ್ಣಿಟ್ಟು, ಕೈಯಲ್ಲಿದ್ದುದನ್ನು ನೋಡದೆಯೇ ಹಾಳೆ ಹಂಚಿದರು. “ನಾಲ್ಕಾಗಿ ಮಡಚಿ ಬ್ಯಾಗಿನೊಳಗೆ ಇಡಿ. ಮನೆಯಲ್ಲೇ ತೆಗೀಬೇಕು.” ಮಕ್ಕಳು ಅಂಚಿಗೆ ಅಂಚು ಸೇರಿಸಿ ಎಷ್ಟು ಅಚ್ಚುಕಟ್ಟಾಗಿ ಮಡಚಿದರೆಂದರೆ ಗುಮಾಸ್ತರಿಗೆ ಹೆಮ್ಮೆಯೇ ಆಯಿತು. ‘ನೋಡು, ಪಾಠ ಅಂದರೆ ಇಷ್ಟೇ,’ ಎಂದುಕೊಂಡರು.

ಆ ಹೆಮ್ಮೆಗೆ ಆಯುಸ್ಸು ಇಪ್ಪತ್ತು ನಿಮಿಷ. ಎರಡು ಮುಕ್ಕಾಲಿಗೆ ಚಿತ್ರದ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. ಹಿಂದೆ ಆಟದ ಮೇಷ್ಟ್ರು. ಯಾರಾದರೂ ಹೋಗಿಬಿಟ್ಟರೋ ಎಂದು ಗುಮಾಸ್ತರು ಗಾಬರಿಯಾದರು. ನೋಡಿದರೆ ಅದು ನಗು.

“ಯಂತ್ರದಲ್ಲಿ ಒಂದು ಜಾಸ್ತಿ ಬಂದಿತ್ತು ರೀ,” ಎಂದು ಚಿತ್ರದ ಮೇಷ್ಟ್ರು ಒಂದು ಹಾಳೆ ಚಾಚಿದರು. “ಮೂಗಿನಿಂದ ಸದ್ದು ಬರುತ್ತದೆ! ಅಯ್ಯೋ ದೇವರೇ!”

ಗುಮಾಸ್ತರು ಹಾಳೆ ನೋಡಿದರು. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು.

“ನಾನು ಬರುವಾಗ ಮುಳ್ಳು ನಾಲ್ಕರಲ್ಲಿ ಇರುತ್ತಾ?” ಎಂದು ಆಟದ ಮೇಷ್ಟ್ರು ಗುಡುಗಿದರು. ಆಮೇಲೆ ಗಡಿಯಾರ ನೋಡಿ ಸ್ವಲ್ಪ ತಣ್ಣಗಾದರು. ಎರಡೂವರೆಗೆ ಶುರುವಾದ ಮೂರನೇ ಕ್ಲಾಸಿನ ಆಟದ ಪೀರಿಯಡ್ಡು ಅವರದೇ ಆಗಿತ್ತು. “ಅದಿರಲಿ. ದೊಡ್ಡ ಟೀಚರ್ ಅಂದ್ರೆ ಮಕ್ಕಳ ಬಾಯಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ. ಇದು ಮೂವತ್ತೆರಡು ಮನೆಗೆ ಹೋದ್ರೆ ಸೋಮವಾರ ನಿಮ್ಮ ಟೇಬಲ್ಲು ಇರುತ್ತೆ, ನೀವಿರಲ್ಲ.”

“ಹೋಗಿ ನಿಜ ಹೇಳಿಬಿಡಿ ಸಾರ್,” ಎಂದಳು ಆಯಮ್ಮ. “ಬೈದು ಸುಮ್ಮನಾಗ್ತಾರೆ.”

ಇಡೀ ದಿನದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ಆದ್ದರಿಂದ ಅದನ್ನು ಯಾರೂ ಕೇಳಲಿಲ್ಲ.

“ಮಕ್ಕಳೇ, ಆ ಹಾಳೆ ವಾಪಸ್ ಕೊಡಿ,” ಎಂದರು ಗುಮಾಸ್ತರು.

“ಕೊಟ್ಟಿದ್ದನ್ನ ವಾಪಸ್ ಕೇಳಬಾರದು,” ಎಂದಿತು ತರಗತಿ.

“ಅದರಲ್ಲಿ ತಪ್ಪಿದೆ.”

“ನಾವು ಹೇಳಿದ್ದನ್ನೇ ತಾನೆ ನೀವು ಬರೆದಿದ್ದು?” ಎಂದಳು ಎರಡು ಜಡೆ. ವಕಾಲತ್ತಿಗೆ ಹುಟ್ಟಿದ ದನಿ. “ನಾವು ತಪ್ಪು ಹೇಳಿದ್ವಾ?”

ಇಲ್ಲ, ಒಂದಕ್ಷರವೂ ತಪ್ಪಿರಲಿಲ್ಲ. ಅದೇ ತೊಂದರೆಯಾಗಿತ್ತು. ಕೊನೆಗೆ ಆಟದ ಮೇಷ್ಟ್ರು ಸೀಟಿ ಊದಿದರು: ಯಾರು ಮೊದಲು ಹಾಳೆ ತಂದುಕೊಡುತ್ತಾರೋ ಅವರು ಸಾಲಿನಲ್ಲಿ ಮೊದಲು! ಆಗ ನೋಡಿ, ಜಾತ್ರೆ ಎದ್ದಿತು. ಹಾಳೆಗಳು ಬಂದವು. ಕೆಲವು ದೋಣಿಯಾಗಿ, ಎರಡು ರಾಕೆಟ್ಟಾಗಿ, ಗುಂಡನದು ಒಂದು ಮೂಲೆ ಇಲ್ಲದೆ. ಕೊಡಲೊಪ್ಪದ ಇಬ್ಬರ ಬ್ಯಾಗಿಗೆ ಗುಮಾಸ್ತರೇ ಕೈಹಾಕಿದರು. ಆ ಹೊತ್ತಿನಲ್ಲಿ ತಮ್ಮನ್ನು ತಾವು ಹೊರಗಿನಿಂದ ನೋಡಿಕೊಂಡಂತಾಗಿ ಅವರಿಗೆ ನಾಚಿಕೆಯಾಯಿತು. ಐವತ್ತರ ಹತ್ತಿರದ ಗಂಡಸು, ಮೊಣಕಾಲೂರಿ, ಆರು ವರ್ಷದವರ ಚೀಲದಲ್ಲಿ ಕಳ್ಳನಂತೆ ತಡಕಾಡುವುದು!

ಮಕ್ಕಳು ತಾವಾಗಿಯೇ ಹತ್ತು ಹತ್ತರ ಕಟ್ಟು ಮಾಡಿದರು. ಮೂರು ಕಟ್ಟಾಯಿತು. ಒಂದು ಬಿಡಿ ಉಳಿಯಿತು.

“ಮೂವತ್ತೊಂದು ಸಾರ್!”

ಗುಮಾಸ್ತರು ಎರಡು ಸಲ ಎಣಿಸಿದರು. ಮಕ್ಕಳ ಲೆಕ್ಕ ತಪ್ಪಾಗಿರಲಪ್ಪ ಎಂದು ದೇವರಲ್ಲಿ ಬೇಡಿಕೊಂಡ ಮೊದಲ ಮೇಷ್ಟ್ರು ಅವರೇ ಇರಬೇಕು. ಲೆಕ್ಕ ಸರಿಯಾಗಿಯೇ ಇತ್ತು.

“ಇನ್ನೊಂದು ಎಲ್ಲಿ?”

“ಮುಂದಿನ ಹಲ್ಲಿಲ್ಲದೋಳು ಆಗ್ಲೇ ಹೋದ್ಲಲ್ಲ ಸಾರ್,” ಎಂದ ಗುಂಡ. “ಅವಳ ಅಜ್ಜಿ ಬಂದು ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ನೀವೇ ಕೈ ಬೀಸಿದ್ರಲ್ಲ?”

ಹೌದು, ಬೀಸಿದ್ದರು, ಆ ಹೆಮ್ಮೆಯ ಇಪ್ಪತ್ತು ನಿಮಿಷದಲ್ಲಿ. ಆ ಹುಡುಗಿಯ ತಾಯಿ ಯಾರೆಂಬುದು ನೆನಪಾದಾಗ ಗುಮಾಸ್ತರು ಗೋಡೆ ಹಿಡಿದುಕೊಂಡರು. ಆಕೆ ವಕೀಲೆ. ಪಾಲಕರ ಸಂಘದ ಅಧ್ಯಕ್ಷೆ. ಹೋದ ವರ್ಷ ಸೀಮೆಸುಣ್ಣದ ಧೂಳಿನ ಬಗ್ಗೆ ಶಾಲೆಗೆ ನಾಲ್ಕು ಪುಟದ ನೋಟಿಸು ಕಳಿಸಿದವರು.

ಸಿಕ್ಕ ಮೂವತ್ತೊಂದನ್ನು ಚೂರುಚೂರು ಮಾಡಿ ಆಯಮ್ಮನ ಒರೆಸುವ ಬಕೆಟ್ಟಿನಲ್ಲಿ ಮುಳುಗಿಸಿದರು. ಹನ್ನೆರಡು ಸಾಲಿನ ಸರಿಯಾದ ಹಾಳೆಯ ಒಂದು ಪ್ರತಿ ಮಾಡಿ ಜೇಬಿಗಿಟ್ಟುಕೊಂಡರು. ಯೋಜನೆ ಸರಳ: ಅಜ್ಜಿಗೆ ಇದನ್ನು ಕೊಡುವುದು, ಅದನ್ನು ತೆಗೆದುಕೊಳ್ಳುವುದು, ತಾಯಿ ಕೋರ್ಟಿನಿಂದ ಬರುವ ಮೊದಲು ಮಾಯವಾಗುವುದು. ಮೂರೂವರೆಯ ಗಂಟೆ ಬಾರಿಸಿದ್ದೇ ತಡ, ಚಿತ್ರದ ಮೇಷ್ಟ್ರ ಸ್ಕೂಟರಿನ ಹಿಂದೆ ಹತ್ತಿದರು.

ಚಿತ್ರದ ಮೇಷ್ಟ್ರು ಒಳ್ಳೆಯ ಮನುಷ್ಯ. ಆದರೆ ಅವಸರ ಎಂಬುದು ಅವರ ಬಣ್ಣದ ಡಬ್ಬಿಯಲ್ಲಿರಲಿಲ್ಲ. ತಿರುವಿನಲ್ಲಿ ಗಾಡಿ ನಿಲ್ಲಿಸಿ, “ಆ ಮೋಡ ನೋಡಿ ರೀ, ಯಾವ ಬಣ್ಣ ಅಂತೀರಿ ಅದನ್ನ?” ಎಂದರು.

“ನನ್ನ ಮುಖದ ಬಣ್ಣ. ನಡೀರಿ!”

“ಎಡಕ್ಕೋ ಬಲಕ್ಕೋ?”

“ಎಡಕ್ಕೆ,” ಎಂದು ಗುಮಾಸ್ತರು ಬಲಗೈ ತೋರಿಸಿದರು. ಮೇಷ್ಟ್ರು ಮಾತು ಕೇಳಲಿಲ್ಲ, ಕೈ ನೋಡಿದರು. ಒಂದು ಬಟ್ಟೆ ಅಂಗಡಿಯ ಹಿತ್ತಲಲ್ಲಿ ರಸ್ತೆ ಮುಗಿದಾಗ ಇಬ್ಬರಿಗೂ ವಿಷಯ ತಿಳಿಯಿತು. ವಾಪಸು ತಿರುಗಿ, ದಾರಿ ಕೇಳಿ, ವಕೀಲೆಯ ಮನೆ ತಲುಪಿದಾಗ ನಾಲ್ಕೂಕಾಲು.

ಗೇಟಿನ ಬಳಿ ಕಾರು ನಿಂತಿತ್ತು. ಗುಮಾಸ್ತರ ಕಾಲು ನಿಂತಲ್ಲೇ ನಿಂತಿತು. ಒಳಗಿನಿಂದ ಹೆಣ್ಣು ದನಿಯೊಂದು ಗಟ್ಟಿಯಾಗಿ ಓದುತ್ತಿತ್ತು: “...ಆದರೂ ಜೀವ ಇದೆ, ಯಾಕೆಂದರೆ...” ಮುಂದಿನದು ನಗುವಿನಲ್ಲಿ ಮುಳುಗಿತು. ವಕೀಲೆ ನಗುತ್ತಿದ್ದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ಕೂಡ ಬಾಯಿಯ ಕಿಟಕಿ ತೆರೆದು ನಗುತ್ತಿದ್ದಳು.

“ಬನ್ನಿ ಬನ್ನಿ ಗುಮಾಸ್ತರೇ!” ಎಂದರು ವಕೀಲೆ. “ಹೋದ ಜೂನಿನಿಂದ ಇವಳನ್ನ ಕೇಳ್ತಿದೀನಿ, ಇವತ್ತು ಏನು ಕಲಿತೆ ಪುಟ್ಟಾ ಅಂತ. ದಿನಾ ಒಂದೇ ಉತ್ತರ, ಏನಿಲ್ಲ. ಸ್ಕೂಲಿಂದ ಬರೋ ಹಾಳೆ ಓದಿದ್ರೆ ಅದಕ್ಕಿಂತ ಕಡಿಮೆ ಗೊತ್ತಾಗ್ತಿತ್ತು. ಇವತ್ತು ಮೊದಲನೇ ಸಲ ನನ್ನ ಮಗಳು ವಾರವಿಡೀ ಏನು ಮಾಡಿದ್ಲು ಅಂತ ಗೊತ್ತಾಯ್ತು. ಅಳೋರ ಪಕ್ಕ ಸುಮ್ಮನೆ ಕೂರಬೇಕಂತೆ! ನನಗೆ ಕಾನೂನು ಕಾಲೇಜಲ್ಲೂ ಇದನ್ನ ಯಾರೂ ಹೇಳಿಕೊಡ್ಲಿಲ್ಲ.”

ಗುಮಾಸ್ತರ ಕಾಲಿಗೆ ಜೀವ ಬಂತು. ಜೇಬಿನೊಳಗೆ ಹನ್ನೆರಡು ಸಾಲಿನ ಹಾಳೆಯನ್ನು ಮೆಲ್ಲಗೆ ಉಂಡೆ ಮಾಡಿದರು.

“ಸಂತೋಷ ಮೇಡಂ,” ಎಂದರು. “ಏನೋ ನಮ್ಮ ಕೈಲಾದದ್ದು...”

“ಅದಕ್ಕೇ ಫೋಟೋ ತೆಗೆದು ಕ್ಲಾಸಿನ ಎಲ್ಲಾ ಅಪ್ಪ ಅಮ್ಮಂದಿರ ಗ್ರೂಪಿಗೂ ಹಾಕಿದೆ. ನಿಮ್ಮ ಮೇಡಮ್ಮಿಗೂ ಕಳಿಸಿದೆ.”

ಅದೇ ಹೊತ್ತಿಗೆ ಗುಮಾಸ್ತರ ಫೋನು ಬಡಿದುಕೊಂಡಿತು. ಮುಖ್ಯೋಪಾಧ್ಯಾಯಿನಿ. ಗುಮಾಸ್ತರು ಜಗಲಿಗೆ ಬಂದು, ಗಲ್ಲಿಗೇರುವವನಂತೆ ಕತ್ತು ನೀಡಿ, “ಮೇಡಂ” ಎಂದರು.

“ಹಾಳೆ ನೋಡಿದೆ,” ಎಂದರು ಅವರು. “ಎಷ್ಟು ಚೆನ್ನಾಗಿದೆ! ಗಂಟಲಿಲ್ಲದಿದ್ರೂ ಟೀಚರು ಮೆಸೇಜಲ್ಲೇ ನಿಮಗೆ ಹೇಳಿ ಬರೆಸಿದ್ದಾರಲ್ಲ, ಅದಕ್ಕೆ ಅಂತಾರೆ ಶ್ರದ್ಧೆ. ಸೋಮವಾರ ಪ್ರಾರ್ಥನೆಯಲ್ಲಿ ಅವರನ್ನ ಸನ್ಮಾನ ಮಾಡ್ತೀನಿ. ಆ ದೊಡ್ಡ ಟೀಚರಿಗೂ ಒಂದು ಮೆಮೊ ಕೊಡ್ತೀನಿ. ಆರನೇ ಕ್ಲಾಸಿನ ಆ ಎತ್ತರದೋರು ತಾನೆ? ಸ್ಕೂಲಲ್ಲಿ ನಿದ್ದೆ ಮಾಡೋಕೆ ನಾಚಿಕೆ ಆಗಲ್ವಾ ಜನಕ್ಕೆ?”

ಗುಮಾಸ್ತರು ಬಾಯಿ ತೆರೆದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಬಾಯಿ ಅವರ ಮಾತು ಕೇಳಿತು, ಮುಚ್ಚಿಕೊಂಡಿತು.

“ಆದ್ರೆ,” ಎಂದರು ಮುಖ್ಯೋಪಾಧ್ಯಾಯಿನಿ. ದನಿ ತಣ್ಣಗಾಯಿತು. “ಅರ್ಧ ಗಂಟೆಯಿಂದ ನನ್ನ ಫೋನು ನಿಂತಿಲ್ಲ. ಮೂವತ್ತೊಂದು ಮನೆಯವರು ಕೇಳ್ತಿದಾರೆ, ನಮ್ಮ ಮಗೂಗೆ ಹಾಳೆ ಯಾಕಿಲ್ಲ, ಅಧ್ಯಕ್ಷೆ ಮಗಳಿಗೆ ಮಾತ್ರ ಯಾಕೆ ಅಂತ. ಕೊಟ್ಟಿದ್ದನ್ನ ಗುಮಾಸ್ತ ಸಾರು ಬ್ಯಾಗಿಗೆ ಕೈಹಾಕಿ ಕಿತ್ಕೊಂಡ್ರು ಅಂತ ಮಕ್ಕಳು ಹೇಳ್ತಿದಾವಂತೆ. ನಿಜಾನಾ?”

“ನಿಜ ಮೇಡಂ.”

“ಯಾಕೆ?”

ಯಾಕೆ! ಎಂಥ ಪುಟ್ಟ ಪ್ರಶ್ನೆ. ಅದಕ್ಕಿದ್ದ ಉತ್ತರವೂ ಪುಟ್ಟದೇ: ಮೇಡಂ, ಆ ಸದ್ದು ನಿಮ್ಮ ಮೂಗಿನದು. ಗುಮಾಸ್ತರು ಆಚೆ ಈಚೆ ನೋಡಿದರು. ಸ್ಕೂಟರಿನ ಮೇಲೆ ಕೂತ ಚಿತ್ರದ ಮೇಷ್ಟ್ರು ಮೋಡ ನೋಡುತ್ತಿದ್ದರು. ಅಲ್ಲಿಂದ ಸಹಾಯ ಬರುವಂತಿರಲಿಲ್ಲ.

“ಅದು... ಕಾಗುಣಿತ ತಪ್ಪಿತ್ತು ಮೇಡಂ,” ಎಂದುಬಿಟ್ಟರು.

“ಯಾರದು?”

“ನನ್ನದೇ ಮೇಡಂ. ಬಹಳ ಕಡೆ. ಮನೆಗೆ ಹೋದ್ರೆ ಸ್ಕೂಲಿನ ಮರ್ಯಾದೆ ಏನಾಗುತ್ತೆ ಅಂತ, ತಿದ್ದೋಣ ಅಂತ...”

ತಪ್ಪಿಸಿಕೊಂಡೆ ಎಂದು ಗುಮಾಸ್ತರು ಉಸಿರು ಬಿಟ್ಟರು. ಬೇಗ ಬಿಟ್ಟರು.

“ಹತ್ತೊಂಬತ್ತು ವರ್ಷದಿಂದ ಈ ಸ್ಕೂಲಿನ ಪ್ರತಿ ಪತ್ರ ನೀವೇ ಬರೀತಿದೀರಿ,” ಎಂದರು ಮುಖ್ಯೋಪಾಧ್ಯಾಯಿನಿ ನಿಧಾನವಾಗಿ. “ನಾನು ಎಲ್ಲಕ್ಕೂ ಓದದೆ ಸಹಿ ಹಾಕಿದೀನಿ. ದೇವರೇ. ನಾಳೆ, ನಾಡಿದ್ದು ಎರಡು ದಿನ ಇದೆ. ಮೂವತ್ತೊಂದು ಮನೆಗೂ ಹೋಗಿ, ಹಾಳೆ ಕೊಟ್ಟು, ತಪ್ಪಾಯ್ತು ಅನ್ನಿ. ಸೋಮವಾರದಿಂದ ಒಂದು ವಾರ ಆಫೀಸಿಗೆ ಬರಬೇಡಿ.”

“ಮೇಡಂ! ಸಸ್ಪೆಂಡಾ?”

“ಛೆ, ಸಸ್ಪೆಂಡ್ ಮಾಡಿದ್ರೆ ಕಾಗುಣಿತ ಬರುತ್ತಾ? ಒಂದನೇ ಕ್ಲಾಸಿನ ಕೊನೇ ಬೆಂಚಲ್ಲಿ ಕೂತ್ಕೊಳ್ಳಿ. ಸೋಮವಾರದಿಂದ ಶುಕ್ರವಾರ. ಟೀಚರು ಏನು ಕಲಿಸ್ತಾರೋ ಎಲ್ಲಾ ಕಲೀರಿ. ಶುಕ್ರವಾರ ನಿಮ್ಮ ಹಾಳೆಯೂ ಮನೆಗೆ ಹೋಗುತ್ತೆ. ಹೆಂಡತಿ ಸಹಿ ಮಾಡಿಸ್ಕೊಂಡು ಬನ್ನಿ.”

ಫೋನು ಕಟ್ಟಾಯಿತು. ಗುಮಾಸ್ತರು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ವಕೀಲೆಯ ಮಗಳು ಬಾಗಿಲಿನಿಂದ ಇಣುಕಿದಳು.

“ಏನಾಯ್ತು ಸಾರ್?”

“ಏನಿಲ್ಲ ಪುಟ್ಟಾ. ಸೋಮವಾರದಿಂದ ನಾನೂ ನಿಮ್ಮ ಕ್ಲಾಸು.”

ಹುಡುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಅವರ ಅಂಗಿಯ ಜೇಬಿನ ಹತ್ತಿರ ಅವಳ ಕಣ್ಣು ನಿಂತಿತು.

“ಹಂಗಾದ್ರೆ ಆ ಪೆನ್ನು ಮನೇಲೇ ಇಟ್ಟು ಬನ್ನಿ ಸಾರ್,” ಎಂದಳು. “ಒಂದನೇ ಕ್ಲಾಸಿನೋರಿಗೆ ಪೆನ್ಸಿಲ್ಲೇ ಕೊಡೋದು.”